ಟೋಲ್ ಕಟ್ಟಿ ಹೋಗುವ ಹಸಿರು ನರಕ

ಜರ್ಮನಿಯ ಪಶ್ಚಿಮ ಭಾಗದಲ್ಲಿ, ಕಲೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದ ಬೆಟ್ಟಗಳ ನಡುವೆ, ಎಲ್ಲಿಗೂ ಹೋಗದ ಒಂದು ಟೋಲ್ ರಸ್ತೆ ಇದೆ. ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋದರೆ ಕಾಡು, ಕಣಿವೆ, ಏರು, ಇಳಿಜಾರು ಎಲ್ಲ ದಾಟಿ ಇಪ್ಪತ್ತು ಕಿಲೋಮೀಟರ್ ಓಡಿ, ಹೊರಟಲ್ಲಿಗೇ ವಾಪಸು ಬರುತ್ತೇವೆ. ಏಕಮುಖ ಸಂಚಾರ. ನಡುವೆ ನಿಲ್ಲಿಸುವಂತಿಲ್ಲ. ಬೇಕಾದದ್ದು ಮಾಮೂಲಿ ಡ್ರೈವಿಂಗ್ ಲೈಸೆನ್ಸ್ ಮತ್ತು ರಸ್ತೆಗಿಳಿಯಲು ಯೋಗ್ಯವಾದ ವಾಹನ, ಅಷ್ಟೇ. ಜರ್ಮನಿಯ ಸಂಚಾರ ನಿಯಮಗಳೇ ಇಲ್ಲಿಯೂ ಅನ್ವಯ. ಎಡಗಡೆಯಿಂದಲೇ ಓವರ್‌ಟೇಕ್ ಮಾಡಬೇಕು, ರೇಸ್ ಮಾಡಕೂಡದು, ಸಮಯ ಅಳೆಯಕೂಡದು. ಅಪಘಾತವಾದರೆ ಪೊಲೀಸರು ಬಂದು ಬೇರೆ ಯಾವ ರಸ್ತೆಯ ಅಪಘಾತದಂತೆಯೇ ಅದನ್ನೂ ಬರೆದುಕೊಳ್ಳುತ್ತಾರೆ.

ಇದೇ ನೂರ್ಬುರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ, ಅಂದರೆ ಉತ್ತರದ ಕುಣಿಕೆ. ಸ್ಕಾಟ್ಲೆಂಡಿನ ಚಾಂಪಿಯನ್ ಜಾಕಿ ಸ್ಟೂವರ್ಟ್ 'ಹಸಿರು ನರಕ' ಎಂದು ಕರೆದ ರೇಸ್ ಟ್ರ್ಯಾಕು. ಫಾರ್ಮುಲಾ ಒನ್ ಚಾಲಕರು ಇಲ್ಲಿ ಓಡಿಸುವುದಿಲ್ಲ ಎಂದು ಕೈಬಿಟ್ಟು ಅರ್ಧ ಶತಮಾನವೇ ಆಗುತ್ತ ಬಂತು. ಬ್ಯಾಂಕಿನ ಗುಮಾಸ್ತರು, ದಂತವೈದ್ಯರು, ಬೇಕರಿಯವರು ಮಾತ್ರ ಸಂಜೆಯ ಹೊತ್ತು ಈಗಲೂ ಸಾಲಿನಲ್ಲಿ ನಿಂತು ಒಳಗೆ ಹೋಗುತ್ತಿದ್ದಾರೆ.

ಕೆಲಸದ ನಿಮಿತ್ತ ನಾನು ಎರಡು ವರ್ಷ ಕಲೋನ್‌ನಲ್ಲಿದ್ದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗಾಗುವ ಮೊದಲೇ ಎದ್ದು ನಂದಿಬೆಟ್ಟಕ್ಕೆ ಹೊರಡುವವರಿರುತ್ತಾರಲ್ಲ, ಹಾಗೆ ಅಲ್ಲಿ ಬೇಸಿಗೆಯ ಸಂಜೆ ಆಫೀಸು ಮುಗಿದ ಮೇಲೆ 'ರಿಂಗ್‌ಗೆ ಹೋಗೋಣ' ಎನ್ನುವವರಿದ್ದರು. ಅವರು ಹೋಗುತ್ತಿದ್ದುದು ಟೋಲ್ ಗೇಟಿಗೆ. ಅದನ್ನು 'ಟ್ರ್ಯಾಕ್ ಡೇ' ಎಂದರೆ ತಿದ್ದುತ್ತಿದ್ದರು. ಈ ವ್ಯತ್ಯಾಸ ಅರ್ಥವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಈ ಜಾಗದ ಚರಿತ್ರೆಯೆಲ್ಲ ಅದರೊಳಗೇ ಇದೆ ಅನ್ನಿಸಿತು.

ಟ್ರ್ಯಾಕ್ ಡೇ ಎಂದರೆ ಖಾಸಗಿ ವ್ಯವಹಾರ. ಯಾವುದೋ ಕ್ಲಬ್ಬು ಅಥವಾ ಕಂಪನಿ ರೇಸ್ ಟ್ರ್ಯಾಕನ್ನು ದಿನದ ಬಾಡಿಗೆಗೆ ಹಿಡಿಯುತ್ತದೆ. ಹಣ ಕಟ್ಟಿ ಹೆಸರು ನೋಂದಾಯಿಸಿದವರು ತಮ್ಮ ಕಾರನ್ನೋ ಬೈಕನ್ನೋ ತಂದು ಓಡಿಸುತ್ತಾರೆ. ಬೆಳಿಗ್ಗೆ ಸುರಕ್ಷತೆಯ ಪಾಠ, ತಲೆಗೆ ಹೆಲ್ಮೆಟ್ಟು, ಬಾವುಟ ಹಿಡಿದ ಮಾರ್ಷಲ್‌ಗಳು, ಒಂದು ಹೊತ್ತಿಗೆ ಇಷ್ಟೇ ವಾಹನ ಎಂಬ ಲೆಕ್ಕ. ಇಂಗ್ಲೆಂಡಿನ ಗುಡ್‌ವುಡ್, ಬೆಲ್ಜಿಯಮ್ಮಿನ ಸ್ಪಾ ಮುಂತಾದ ಹಳೆಯ ಟ್ರ್ಯಾಕುಗಳು ರೇಸಿಲ್ಲದ ದಿನಗಳಲ್ಲಿ ಹೀಗೂ ಸಂಪಾದಿಸುತ್ತವೆ. ನಮ್ಮ ಬೆಂಗಳೂರಿನ ಬೈಕ್ ಹುಡುಗರು ರಾತ್ರೋರಾತ್ರಿ ಹೊರಟು ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗುವುದೂ ಇಂಥ ದಿನಗಳಿಗೇ. ನೂರ್ಬುರ್ಗ್‌ರಿಂಗ್‌ನಲ್ಲಿಯೂ ಟ್ರ್ಯಾಕ್ ಡೇ ಇದೆ, ಬೇಕಾದಷ್ಟಿದೆ. ಆದರೆ ಅದರ ಪಕ್ಕದಲ್ಲೇ, ಅದಕ್ಕಿಂತ ಹಳೆಯದಾದ ಟೋಲ್ ಗೇಟಿನ ಪದ್ಧತಿಯೂ ಇದೆ. ಹೆಸರು ನೋಂದಾಯಿಸುವ ಅಗತ್ಯವಿಲ್ಲ, ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಡ. ಈ ಎರಡನೆಯದು ಎಲ್ಲಿಂದ ಬಂತು ಎಂಬುದೇ ಇಲ್ಲಿನ ಕಥೆ.

ಐಫೆಲ್ ಎಂಬುದು ಹಳೆಯ ಜ್ವಾಲಾಮುಖಿಗಳ ಎತ್ತರದ ಸೀಮೆ. ತೆಳು ಮಣ್ಣು, ಗಾಳಿ, ಬಿಡದ ಮಳೆ, ಉದ್ದನೆಯ ಚಳಿಗಾಲ. ಪ್ರಷ್ಯಾದ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಇದನ್ನು 'ಪ್ರಷ್ಯಾದ ಸೈಬೀರಿಯಾ' ಎಂದು ಹಂಗಿಸುತ್ತಿದ್ದರು. ಅದರೊಳಗೂ ಆಡೆನಾವು ಜಿಲ್ಲೆ ಕಡು ಬಡವರ ಜಿಲ್ಲೆ. ಮೊದಲ ಮಹಾಯುದ್ಧ ಸೋತು, 1923ರ ಹಣದುಬ್ಬರದಲ್ಲಿ ಉಳಿತಾಯವೆಲ್ಲ ಕಾಗದದ ಚೂರಾದ ಮೇಲೆ ಅಲ್ಲಿನವರಿಗೆ ದುಡಿಯಲು ಕೆಲಸವೇ ಇರಲಿಲ್ಲ. ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದವರು ಒಟ್ಟೊ ಕ್ರೂಟ್ಸ್. ಆಗ ಮೋಟಾರ್ ರೇಸುಗಳು ಊರ ರಸ್ತೆಗಳಲ್ಲೇ ನಡೆಯುತ್ತಿದ್ದವು. 1922ರಲ್ಲಿ ಐಫೆಲ್‌ನ ನಿಡೆಗ್ಗನ್ ಸುತ್ತಮುತ್ತ ಇಂಥದೊಂದು ರೇಸು ಆಗಿತ್ತು. ದನಕರು, ಮಕ್ಕಳು, ಕಾರು ಎಲ್ಲ ಒಂದೇ ದಾರಿಯಲ್ಲಿ. ಇದಕ್ಕಾಗಿಯೇ ಪ್ರತ್ಯೇಕ ರಸ್ತೆಯೊಂದನ್ನು ನಮ್ಮ ಬೆಟ್ಟದಲ್ಲಿ ಯಾಕೆ ಕಟ್ಟಬಾರದು ಎಂಬ ಯೋಚನೆಯನ್ನು ಕ್ರೂಟ್ಸ್ ಮುಂದಿಟ್ಟರು. ನಿರುದ್ಯೋಗಿಗಳಿಗೆ ಕೂಲಿ ಕೊಡಲು ಸರ್ಕಾರದ ಬಳಿ ಹಣವಿತ್ತು. ಕಾರು ತಯಾರಕರಿಗೆ ಪರೀಕ್ಷೆಯ ಜಾಗ ಬೇಕಿತ್ತು. ಕಲೋನ್‌ನ ಮೇಯರ್ ಆಗಿದ್ದ, ಮುಂದೆ ದೇಶದ ಚಾನ್ಸಲರ್ ಆದ ಕೊನ್ರಾಡ್ ಆಡೆನವರ್ ಕೂಡ ಬೆಂಬಲಕ್ಕೆ ನಿಂತರು. 1925ರ ಸೆಪ್ಟೆಂಬರ್ 27ರಂದು ಶಂಕುಸ್ಥಾಪನೆಯಾಯಿತು.

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಕೆರೆಯ ಹೂಳು ತೆಗೆಸುವುದು, ರಸ್ತೆಗೆ ಜಲ್ಲಿ ಒಡೆಸುವುದು ಎಂದೆಲ್ಲ ಬರ ಕಾಮಗಾರಿ ಶುರುವಾಗುತ್ತದಲ್ಲ, ನೂರ್ಬುರ್ಗ್‌ರಿಂಗ್ ಕೂಡ ಹುಟ್ಟಿದ್ದು ಅಂಥದೇ ಕಾಮಗಾರಿಯಾಗಿ. ಎರಡು-ಮೂರು ಸಾವಿರ ಜನ ಹಾರೆ, ಗುದ್ದಲಿ, ಸಲಿಕೆ ಹಿಡಿದು ಬೆಟ್ಟ ಕಡಿದರು. ಬರ ಕಾಮಗಾರಿಯ ರಸ್ತೆಗಳು ಎಷ್ಟೋ ಸಲ ಎರಡು ಮಳೆಗಾಲಕ್ಕೆ ಕಾಣೆಯಾಗುವುದನ್ನು ಕಂಡ ನನಗೆ, ಈ ರಸ್ತೆ ನೂರು ವರ್ಷದ ಹತ್ತಿರ ಬಂದಿರುವುದೇ ದೊಡ್ಡ ಸಂಗತಿ.

ಬರ್ಲಿನ್ನಿನಲ್ಲಿ 1921ರಿಂದ ಆವುಸ್ ಎಂಬ ಟ್ರ್ಯಾಕು ಇತ್ತು. ಎರಡು ಉದ್ದನೆಯ ನೇರ ರಸ್ತೆಗಳು, ಎರಡು ತುದಿಗೆ ಎರಡು ತಿರುವು, ಅಷ್ಟೇ. ಐಫೆಲ್‌ನವರು ಮಾಡಿದ್ದು ಅದರ ತದ್ವಿರುದ್ಧ. ಬೆಟ್ಟ ಹೇಗೆ ತಿರುಗಿತೋ ರಸ್ತೆಯನ್ನು ಹಾಗೆ ತಿರುಗಿಸಿದರು. ನೂರ್ಬುರ್ಗ್ ಎಂಬ ಪುಟ್ಟ ಊರನ್ನೂ ಅದರ ತಲೆಯ ಮೇಲಿನ ಹಾಳು ಕೋಟೆಯನ್ನೂ ಒಳಗಿಟ್ಟುಕೊಂಡೇ ರಸ್ತೆ ಸುತ್ತು ಹಾಕಿತು. ಉತ್ತರದ ಕುಣಿಕೆ 22.8 ಕಿಲೋಮೀಟರ್, ದಕ್ಷಿಣದ್ದು 7.7. ಎರಡನ್ನೂ ಸೇರಿಸಿ ಓಡುವ ದೊಡ್ಡ ಸುತ್ತು 28 ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ 174 ತಿರುವುಗಳು. ರಸ್ತೆಯ ಅಗಲ ಎಂಟೊಂಬತ್ತು ಮೀಟರ್. ಮೇಲಿನ ತುದಿಗೂ ಕೆಳಗಿನ ತುದಿಗೂ ಸುಮಾರು 300 ಮೀಟರ್ ಎತ್ತರದ ವ್ಯತ್ಯಾಸ. ಒಂದು ಬದಿಗೆ ಬಿಸಿಲಿದ್ದರೆ ಇನ್ನೊಂದು ಬದಿಗೆ ಮಳೆ ಸುರಿಯುತ್ತಿರುವುದು ಅಲ್ಲಿ ಮಾಮೂಲು.

ತಿರುವುಗಳಿಗೆ ಉಳಿದದ್ದು ಹೊಲ, ಹಳ್ಳ, ಕಾಡುಗಳಿಗೆ ಮೊದಲಿದ್ದ ಹೆಸರುಗಳೇ. ಕಟುಕನ ಹೊಲ, ಗಣಿ, ನರಿಯ ಕೊಳವೆ, ಪುಟ್ಟ ಬಾವಿ, ನೇಣುಗಂಬದ ಗುಡ್ಡ. 'ಸ್ವೀಡನ್ ಶಿಲುಬೆ' ಎಂಬ ತಿರುವಿನ ಪಕ್ಕ ಹದಿನೇಳನೆಯ ಶತಮಾನದ ಯುದ್ಧಕಾಲದ ಒಂದು ಕಲ್ಲಿನ ಶಿಲುಬೆ ನಿಜಕ್ಕೂ ಇದೆ. 'ವಿಮಾನ ನಿಲ್ದಾಣ' ಎಂಬ ಹೆಸರು ಕಾರುಗಳು ಅಲ್ಲಿ ನೆಲ ಬಿಟ್ಟು ಹಾರುವುದರಿಂದ ಬಂತೆಂದು ಬಹಳ ಜನ ನಂಬಿದ್ದಾರೆ. ಅಲ್ಲಿ ಹತ್ತಿರದಲ್ಲೇ ಗ್ಲೈಡರುಗಳ ಬಯಲೊಂದಿತ್ತು, ಹೆಸರು ಅದರದ್ದು. ಕಾರು ಹಾರುವುದೂ ಸುಳ್ಳಲ್ಲ ಅನ್ನಿ.

1927ರ ಜೂನ್ 18ರಂದು ಟ್ರ್ಯಾಕು ತೆರೆಯಿತು. ಮೊದಲ ದಿನ ಮೋಟಾರ್ ಸೈಕಲ್ ರೇಸು. ಟೋನಿ ಉಲ್ಮೆನ್ ಎಂಬಾತ 350 ಸಿಸಿಯ ಇಂಗ್ಲಿಷ್ ವೆಲೊಸೆಟ್ ಬೈಕಿನ ಮೇಲೆ ಗೆದ್ದ. ಮಾರನೆಯ ದಿನ ಕಾರುಗಳು. ರೂಡಾಲ್ಫ್ ಕರಾಚಿಯೊಲ ಮರ್ಸಿಡಿಸ್‌ನಲ್ಲಿ ಗೆದ್ದ. ಅದೇ ವರ್ಷದಿಂದ, ಸಂಜೆಗಳಲ್ಲೂ ವಾರದ ಕೊನೆಯಲ್ಲೂ, ಸಾರ್ವಜನಿಕರು ಟೋಲ್ ಕಟ್ಟಿ ಇದೇ ರಸ್ತೆಯಲ್ಲಿ ಓಡಿಸಬಹುದು ಎಂದಾಯಿತು. ನನಗೆ ಕಾಣುವ ಕಾರಣ ಸರಳ. ವರ್ಷಕ್ಕೆ ನಡೆಯುವುದು ಕೆಲವೇ ರೇಸು, ಇಷ್ಟುದ್ದದ ರಸ್ತೆಯನ್ನು ನೋಡಿಕೊಳ್ಳುವ ಖರ್ಚು ವರ್ಷವಿಡೀ. ಜೊತೆಗೆ ಸರ್ಕಾರದ ದುಡ್ಡಿನಲ್ಲಿ, ಊರವರ ಕೈಯಿಂದ ಆದ ರಸ್ತೆಗೆ ಬೀಗ ಹಾಕುವುದು ಯಾರಿಗೂ ಹೊಳೆದಿರಲಿಕ್ಕಿಲ್ಲ. ಹಳೆಯ ಫೋಟೋಗಳಲ್ಲಿ ಇದೇ ತಿರುವುಗಳಲ್ಲಿ ಪ್ರವಾಸಿ ಬಸ್ಸುಗಳು ಓಲಾಡುತ್ತ ಹೋಗುವುದನ್ನು ನೋಡಬಹುದು.

ರೇಸುಗಳ ದೊಡ್ಡ ಕಥೆಗಳನ್ನು ಬಲ್ಲವರು ಬಹಳ. 1935ರಲ್ಲಿ ನಾಜಿ ಸರ್ಕಾರದ ದೊಡ್ಡವರ ಕಣ್ಣೆದುರು ಇಟಲಿಯ ತಾಜಿಯೊ ನುವೊಲಾರಿ ಹಳೆಯ ಆಲ್ಫಾ ರೋಮಿಯೊ ಓಡಿಸಿ ಜರ್ಮನಿಯ ಬಲಿಷ್ಠ ಕಾರುಗಳನ್ನೆಲ್ಲ ಸೋಲಿಸಿದ್ದು, 1957ರಲ್ಲಿ 46ರ ವಯಸ್ಸಿನ ಫಾಂಜಿಯೊ ಮುಕ್ಕಾಲು ನಿಮಿಷಕ್ಕೂ ಹೆಚ್ಚಿನ ಹಿನ್ನಡೆಯನ್ನು ತುಂಬಿ ಗೆದ್ದು ಐದನೆಯ ಸಲ ವಿಶ್ವ ಚಾಂಪಿಯನ್ ಆದದ್ದು, ಎಲ್ಲವೂ ಅಲ್ಲಿನ ಪುರಾಣ. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಬ್ಬಳು. ಎಲಿಶ್ಕಾ ಯುಂಕೊವಾ, ಚೆಕೊಸ್ಲೊವಾಕಿಯಾದವಳು. 1928ರ ಮೇ ತಿಂಗಳಿನಲ್ಲಿ ಸಿಸಿಲಿಯ ತಾರ್ಗಾ ಫ್ಲೋರಿಯೊ ರೇಸಿನಲ್ಲಿ ಗಂಡಸರ ಮುಂದೆ ಓಡಿ, ಕೊನೆಗೆ ಐದನೆಯವಳಾಗಿ ಮುಗಿಸಿದ್ದಳು. ಎರಡು ತಿಂಗಳ ನಂತರ, ಜುಲೈ 15ರಂದು, ನೂರ್ಬುರ್ಗ್‌ರಿಂಗ್‌ನಲ್ಲಿ ಅವಳ ಗಂಡ ಚೆನೆಕ್ ಅಪಘಾತದಲ್ಲಿ ಸತ್ತ. ಅವಳು ರೇಸಿನ ಕಾರುಗಳನ್ನು ಮಾರಿದಳು, ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಆ ಟ್ರ್ಯಾಕಿಗೆ ಆಗ ಒಂದು ವರ್ಷ ಒಂದು ತಿಂಗಳು ತುಂಬಿತ್ತು.

ಸಾವು ಮೊದಲಿನಿಂದಲೂ ಅಲ್ಲಿತ್ತು. ಕಾರುಗಳ ವೇಗ ಏರಿದಂತೆ ಅದರ ಸಂಖ್ಯೆಯೂ ಏರಿತು. 1968ರಲ್ಲಿ ಮಂಜು, ಮಳೆಯ ನಡುವೆ, ನೋವಿದ್ದ ಮಣಿಕಟ್ಟಿನಲ್ಲೇ ಓಡಿಸಿ ನಾಲ್ಕು ನಿಮಿಷದ ಅಂತರದಿಂದ ಗೆದ್ದ ಸ್ಟೂವರ್ಟ್ ಅವರೇ ಈ ಟ್ರ್ಯಾಕಿನ ವಿರುದ್ಧ ಗಟ್ಟಿಯಾಗಿ ಮಾತಾಡಿದವರು. 1970ರಲ್ಲಿ ಚಾಲಕರು ಬಹಿಷ್ಕರಿಸಿದರು, ರೇಸು ಹಾಕನ್‌ಹೈಮ್‌ಗೆ ಹೋಯಿತು. ಆಮೇಲೆ ಮರ ಕಡಿದು, ಉಬ್ಬುಗಳನ್ನು ತಗ್ಗಿಸಿ, ಬದಿಗಳಲ್ಲಿ ಕಬ್ಬಿಣದ ತಡೆಬೇಲಿ ಹಾಕಿದರು. 1971ರಿಂದ ಮತ್ತೆ ಫಾರ್ಮುಲಾ ಒನ್ ನಡೆಯಿತು.

1976ರ ಆಗಸ್ಟ್ 1. ಆಸ್ಟ್ರಿಯಾದ ನಿಕಿ ಲೌಡಾ ಹಿಂದಿನ ವರ್ಷದ ವಿಶ್ವ ಚಾಂಪಿಯನ್. ಇಲ್ಲಿ ರೇಸು ಬೇಡ ಎಂದು ಚಾಲಕರ ಸಭೆಯಲ್ಲಿ ವಾದಿಸಿದವನು ಅವನೇ, ಬಹುಮತ ಒಪ್ಪಲಿಲ್ಲ. ಎರಡನೆಯ ಸುತ್ತಿನಲ್ಲಿ, 'ಗಣಿ' ಎಂಬ ತಿರುವಿಗೆ ಸ್ವಲ್ಪ ಮೊದಲು, ಅವನ ಫೆರಾರಿ ಬದಿಗೆ ಬಡಿದು ಹೊತ್ತಿ ಉರಿಯಿತು. ಇಪ್ಪತ್ತಮೂರು ಕಿಲೋಮೀಟರ್ ಉದ್ದದ ಟ್ರ್ಯಾಕಿನಲ್ಲಿ ಬೆಂಕಿ ಆರಿಸುವವರು ಎಲ್ಲ ಕಡೆ ಎಲ್ಲಿಂದ ಇರಬೇಕು? ಹಿಂದೆ ಬರುತ್ತಿದ್ದ ಚಾಲಕರು ಮೆರ್ಜಾರಿಯೊ, ಲಂಗರ್, ಎಡ್ವರ್ಡ್ಸ್, ಏರ್ಟ್ಲ್ ತಮ್ಮ ಕಾರು ನಿಲ್ಲಿಸಿ ಬೆಂಕಿಯೊಳಗಿಂದ ಅವನನ್ನು ಎಳೆದು ತಂದರು. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಅಂತಿಮ ಪ್ರಾರ್ಥನೆಯನ್ನೂ ಮುಗಿಸಿದ್ದ. ಲೌಡಾ ಆರು ವಾರದ ನಂತರ, ಸುಟ್ಟ ಗಾಯ ಪೂರ್ತಿ ಮಾಯದ ತಲೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಮೋಂಜಾದಲ್ಲಿ ನಾಲ್ಕನೆಯವನಾಗಿ ಬಂದ. ಫಾರ್ಮುಲಾ ಒನ್ ಮಾತ್ರ ಹಸಿರು ನರಕಕ್ಕೆ ಮತ್ತೆ ಬರಲಿಲ್ಲ. ಪಕ್ಕದಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರಿನ ಹೊಸ ಟ್ರ್ಯಾಕು ಕಟ್ಟಿದ್ದು 1984ರಲ್ಲಿ. ಅದರ ಉದ್ಘಾಟನೆಗೆ ಎಲ್ಲರಿಗೂ ಒಂದೇ ಮಾದರಿಯ ಮರ್ಸಿಡಿಸ್ ಕೊಟ್ಟು ಓಡಿಸಿದಾಗ ಗೆದ್ದವನು ಆಗಿನ್ನೂ ಹೊಸಬನಾಗಿದ್ದ ಆಯರ್ಟನ್ ಸೆನ್ನಾ. ದಕ್ಷಿಣದ ಕುಣಿಕೆ ಆ ಕಟ್ಟಡ ಕೆಲಸದಲ್ಲಿ ಹೋಯಿತು. ಉತ್ತರದ್ದು ಉಳಿಯಿತು. ಮುಂದೆ 20.8 ಕಿಲೋಮೀಟರಿಗೆ ಇಳಿಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಇದು. ವಿಶ್ವ ಚಾಂಪಿಯನ್ನರ ಪ್ರಾಣಕ್ಕೆ ಇದು ಯೋಗ್ಯವಲ್ಲ ಎಂದು ತೀರ್ಮಾನವಾದ ಮೇಲೂ ಸಾಮಾನ್ಯರಿಗೆ ಗೇಟು ಮುಚ್ಚಲಿಲ್ಲ. ನಿರ್ದಯ ಎನ್ನಬಹುದು. ಆದರೆ ಫಾರ್ಮುಲಾ ಒನ್ ಚಾಲಕನಿಗೆ ನಿಧಾನವಾಗುವ ಸ್ವಾತಂತ್ರ್ಯ ಇಲ್ಲ, ಟೋಲ್ ಕಟ್ಟಿದವನಿಗೆ ಇದೆ. ಅದನ್ನು ಬಳಸುತ್ತಾನೋ ಇಲ್ಲವೋ ಎಂಬುದು ಅವನ ಮೇಲೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ, ಮತ್ತು ಪ್ರತಿ ವರ್ಷ ಕೆಲವರು ಆ ನಂಬಿಕೆಯನ್ನು ಸುಳ್ಳು ಮಾಡುತ್ತಾರೆ.

ಜೂನ್ ತಿಂಗಳ ಒಂದು ಸಂಜೆ ನಾನೂ ಒಂದು ಸುತ್ತು ಓಡಿಸಿದೆ. ಸಾಮಾನ್ಯ ಬಾಡಿಗೆ ಕಾರುಗಳ ಕರಾರಿನಲ್ಲಿ ಈ ಟ್ರ್ಯಾಕಿಗೆ ಒಯ್ಯುವಂತಿಲ್ಲ ಎಂದಿರುತ್ತದೆ. ವಿಮೆಯವರೂ ಕೈ ಎತ್ತುತ್ತಾರೆ. ಹಾಗಾಗಿ ಊರಿನಲ್ಲೇ ಟ್ರ್ಯಾಕಿಗೆಂದು ಸಜ್ಜುಮಾಡಿದ ಕಾರುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹೊಸಬರಿಗೆ ಅವರು ಕೊಡುವ ಕಾರು ಯಾವುದು ಗೊತ್ತೇ? ಸುಜುಕಿ ಸ್ವಿಫ್ಟ್. ಹಿಂದಿನ ಸೀಟು ಕಿತ್ತು, ಕಬ್ಬಿಣದ ಸರಳುಗಳ ಪಂಜರ ಕೂರಿಸಿದ ಸ್ವಿಫ್ಟ್. ದಾವಣಗೆರೆಯಿಂದ ಹುಬ್ಬಳ್ಳಿಯವರೆಗೆ ನೂರಾರು ಸಲ ಓಡಿಸಿದ್ದ ಬಂಡಿಯನ್ನೇ ಅಲ್ಲಿ ಕಂಡಾಗ ನಗು ಬಂತು, ಧೈರ್ಯವೂ ಬಂತು. ಪಕ್ಕದಲ್ಲಿ ಕೂತವನು ಆ ಊರಿನವನೇ, ಕಲಿಸುವುದು ಅವನ ಕಸುಬು. 'ಮುಂದಿನದು ನಾನು ಹೇಳುತ್ತೇನೆ, ನೀನು ಕನ್ನಡಿ ನೋಡು' ಎಂದ.

ಆ ಮಾತಿನ ಅರ್ಥ ಮೂರನೆಯ ಕಿಲೋಮೀಟರಿಗೇ ತಿಳಿಯಿತು. ಕನ್ನಡಿಯಲ್ಲಿ ಚುಕ್ಕೆಯಂತೆ ಕಂಡ ಪೋರ್ಷೆ ಮುಂದಿನ ತಿರುವಿನ ಹೊತ್ತಿಗೆ ಬೆನ್ನಿಗಿರುತ್ತದೆ. ಬಲಗಡೆಯ ಇಂಡಿಕೇಟರ್ ಹಾಕಿ, ಬಲಕ್ಕೆ ಸರಿದು, ದಾರಿ ಬಿಡಬೇಕು. 'ನರಿಯ ಕೊಳವೆ'ಯಲ್ಲಿ ರಸ್ತೆ ಬಾವಿಗೆ ಇಳಿದಂತೆ ಇಳಿದು, ತಳದಲ್ಲಿ ನಮ್ಮನ್ನು ಸೀಟಿಗೆ ಒತ್ತಿ, ತಕ್ಷಣ ಮೇಲೇರುತ್ತದೆ. ಬ್ರೈಡ್‌ಶೈಡ್‌ನ ಸೇತುವೆಯ ಕೆಳಗೆ ಊರ ರಸ್ತೆ, ಅಲ್ಲಿ ಯಾರೋ ತರಕಾರಿ ಚೀಲ ಹಿಡಿದು ನಡೆಯುತ್ತಿದ್ದರು. 'ಗಣಿ'ಯ ಹತ್ತಿರ ಬಂದಾಗ ಪಕ್ಕದವನು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಏರು, ಏರು. ಕರುಸೆಲ್ ಎಂಬಲ್ಲಿ ರಸ್ತೆಯ ಒಳಬದಿಗೆ ಕಾಂಕ್ರೀಟಿನ ವಾಲಿದ ಚರಂಡಿ ಇದೆ. ಕರಾಚಿಯೊಲ ಚಕ್ರಗಳನ್ನು ಆ ಚರಂಡಿಗೇ ಇಳಿಸಿ ಬೇಗ ತಿರುಗುವುದನ್ನು ತೋರಿಸಿಕೊಟ್ಟನೆಂದು ಹೇಳುತ್ತಾರೆ. ಸ್ವಿಫ್ಟ್ ಅದರೊಳಗೆ ಎತ್ತಿನಗಾಡಿಯ ಹಾಗೆ ಗಡಗಡಿಸಿತು. 'ಪುಟ್ಟ ಬಾವಿ'ಯ ದಿಬ್ಬದಲ್ಲಿ ಕುರ್ಚಿ, ಬಿಯರು, ಕ್ಯಾಮೆರಾ ಸಮೇತ ಜನ ಕೂತಿರುತ್ತಾರೆ. ಅವರು ಕಾಯುವುದು ಯಾರಾದರೂ ಜಾರಲಿ ಎಂದೇ, ಅದರಲ್ಲಿ ಮುಚ್ಚುಮರೆ ಇಲ್ಲ. ಜಾರಿ ಬೇಲಿಗೆ ಬಡಿದವನು ತನ್ನ ಕಾರಿನ ಜೊತೆ ಬೇಲಿಯ ದುರಸ್ತಿಗೂ, ಕಾರನ್ನು ಎಳೆದೊಯ್ದದ್ದಕ್ಕೂ ದುಡ್ಡು ಕಟ್ಟಬೇಕು.

ಆ ಸಂಜೆಯ ಗೇಟು ತೆರೆದದ್ದು ಐದು ಗಂಟೆಯ ಮೇಲೆ. ಅಲ್ಲಿಯವರೆಗೆ ಟ್ರ್ಯಾಕು ಕಾರು ಕಂಪನಿಗಳ ವಶದಲ್ಲಿತ್ತು. ಋತುವಿನ ಎಷ್ಟೋ ವಾರಗಳ ಕೆಲಸದ ದಿನಗಳನ್ನು ತಯಾರಕರ ಒಕ್ಕೂಟವೇ ಪರೀಕ್ಷೆಗೆಂದು ಕಾದಿರಿಸಿಕೊಳ್ಳುತ್ತದೆ. ಗುರುತು ಸಿಗದ ಹಾಗೆ ಕಪ್ಪು-ಬಿಳಿ ಚಿತ್ತಾರದ ಹಾಳೆ ಸುತ್ತಿದ ಹೊಸ ಮಾದರಿಗಳು, ಅವುಗಳ ಫೋಟೋಕ್ಕಾಗಿ ಪೊದೆಗಳಲ್ಲಿ ಕಾಯುವ ಛಾಯಾಗ್ರಾಹಕರು. ಟಾಟಾ ಒಡೆತನದ ಜಾಗ್ವಾರ್ ಕೂಡ 2017ರಲ್ಲಿ ನಾಲ್ಕು ಬಾಗಿಲಿನ ಕಾರುಗಳ ದಾಖಲೆಯನ್ನು ಇಲ್ಲಿ ಮುರಿದು ಜಾಹೀರಾತು ಮಾಡಿಕೊಂಡಿತು. ಉಳಿದ ದಿನಗಳಲ್ಲಿ ರೇಸುಗಳಿವೆ, ಖಾಸಗಿ ಟ್ರ್ಯಾಕ್ ಡೇಗಳಿವೆ. ಇವೆಲ್ಲ ಬಿಟ್ಟು ಉಳಿದ ಹೊತ್ತು ಟೋಲ್‌ನವರಿಗೆ. ಖಾಸಗಿ ದಿನದಲ್ಲಿ ಓಡಿಸುವ ಸುಖವೇ ಬೇರೆ, ಸಂಶಯವಿಲ್ಲ. ಎದುರಿಗೆ ದಿಢೀರನೆ ಕುಟುಂಬ ಸಮೇತ ಹೊರಟ ವ್ಯಾನು ಸಿಗುವುದಿಲ್ಲ, ರಸ್ತೆಗೆ ಎಣ್ಣೆ ಚೆಲ್ಲಿದರೆ ಬಾವುಟ ಏಳುತ್ತದೆ. ಹೆಚ್ಚು ಸುರಕ್ಷಿತ, ಹೆಚ್ಚು ವೇಗ, ಹೆಚ್ಚು ದುಬಾರಿ. ಅಲ್ಲಿಗೆ ಬರುವವರು ಒಂದು ದಿನಕ್ಕೆ ಕೊಡುವ ಹಣದಲ್ಲಿ ಟೋಲ್‌ನವನು ಒಂದು ಬೇಸಿಗೆ ಕಳೆದಾನು.

ಟೋಲ್ ಗೇಟಿನ ಪಕ್ಕದಲ್ಲೇ ಬೆಳೆದವಳೊಬ್ಬಳ ಹೆಸರು ಇಲ್ಲಿ ಹೇಳಲೇಬೇಕು. ಸಬೀನ್ ಶ್ಮಿಟ್ಸ್. 1969ರಲ್ಲಿ ಆಡೆನಾವುನಲ್ಲಿ ಹುಟ್ಟಿದಳು. ಅವಳ ಮನೆಯವರು ನೂರ್ಬುರ್ಗ್‌ನಲ್ಲಿ ಹೋಟೆಲು ನಡೆಸುತ್ತಿದ್ದರು. ನಮ್ಮ ಮಲೆನಾಡಿನ ಹುಡುಗರು ಅಡಿಕೆ ತೋಟದ ದಾರಿಯಲ್ಲಿ ಜೀಪು ಕಲಿಯುವಂತೆ ಅವಳಿಗೆ ಈ ಟ್ರ್ಯಾಕೇ ಊರ ದಾರಿ. 1996ರಲ್ಲಿ ಇಲ್ಲಿನ 24 ಗಂಟೆಗಳ ರೇಸು ಗೆದ್ದ ಮೊದಲ ಮಹಿಳೆಯಾದಳು, 1997ರಲ್ಲಿ ಮತ್ತೆ ಗೆದ್ದಳು. ಆಮೇಲೆ ವರ್ಷಗಟ್ಟಲೆ 'ರಿಂಗ್ ಟ್ಯಾಕ್ಸಿ' ಓಡಿಸಿದಳು. ದುಡ್ಡು ಕೊಟ್ಟು ಹತ್ತಿದ ಪ್ರವಾಸಿಗಳನ್ನು ಬಿಎಂಡಬ್ಲ್ಯುನಲ್ಲಿ ಕೂರಿಸಿಕೊಂಡು, ನಗುತ್ತ, ಮಾತಾಡುತ್ತ, ಅವರ ಜೀವ ಬಾಯಿಗೆ ಬರುವಂತೆ ಸುತ್ತಿಸುವುದು. ಬಿಬಿಸಿಯ ಕಾರ್ಯಕ್ರಮವೊಂದಕ್ಕಾಗಿ ಸರಕು ಸಾಗಿಸುವ ಫೋರ್ಡ್ ಟ್ರಾನ್ಸಿಟ್ ವ್ಯಾನನ್ನು 10 ನಿಮಿಷ 8 ಸೆಕೆಂಡಿನಲ್ಲಿ ಓಡಿಸಿ ತೋರಿಸಿದಳು. 2021ರ ಮಾರ್ಚಿನಲ್ಲಿ, 51ರ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ವರ್ಷ ಉತ್ತರ ಕುಣಿಕೆಯ ಮೊದಲ ತಿರುವಿಗೆ ಅವಳ ಹೆಸರಿಟ್ಟರು.

ಅವಳಂಥ ಊರವರು ಈ ಟ್ರ್ಯಾಕನ್ನು ತಮ್ಮದು ಎಂದುಕೊಂಡಿದ್ದರಲ್ಲಿ ತಪ್ಪೇನಿರಲಿಲ್ಲ. ಒಡೆತನ ರೈನ್‌ಲ್ಯಾಂಡ್-ಫಾಲ್ಸ್ ರಾಜ್ಯ ಸರ್ಕಾರದ್ದು, ಹತ್ತನೇ ಒಂದು ಪಾಲು ಆರ್‌ವೈಲರ್ ಜಿಲ್ಲೆಯದು. ಕೆಡಿಸಿದ್ದೂ ಆ ಸರ್ಕಾರವೇ. 'ನೂರ್ಬುರ್ಗ್‌ರಿಂಗ್ 2009' ಎಂಬ ಯೋಜನೆಯಲ್ಲಿ ಮೂವತ್ತು ಕೋಟಿ ಯೂರೋಗೂ ಹೆಚ್ಚು ಹಣ ಸುರಿದು ಹೋಟೆಲು, ಅಂಗಡಿ ಸಾಲು, ಮನರಂಜನಾ ಪಾರ್ಕು ಕಟ್ಟಿಸಿತು. ಹಣ ಹೂಡುತ್ತೇವೆಂದ ಖಾಸಗಿಯವರು ಬರಲೇ ಇಲ್ಲ. ಹಣಕಾಸು ಮಂತ್ರಿ ಇಂಗೊಲ್ಫ್ ಡಾಯ್ಬೆಲ್ 2009ರಲ್ಲಿ ರಾಜೀನಾಮೆ ಕೊಟ್ಟರು. ಜಗತ್ತಿನಲ್ಲೇ ಅತಿ ವೇಗದ್ದು ಎಂದು ಹೊಗಳಿಕೊಂಡು ಕಟ್ಟಿಸಿದ ರೋಲರ್ ಕೋಸ್ಟರ್ ಸಾರ್ವಜನಿಕರಿಗೆ ಓಡಿದ್ದು 2013ರ ಕೊನೆಯಲ್ಲಿ ನಾಲ್ಕೇ ದಿನ. ಗುದ್ದಲಿ ಹಿಡಿದವರು ಎರಡು ವರ್ಷದಲ್ಲಿ ಕಟ್ಟಿದ್ದನ್ನು ಟೈ ಕಟ್ಟಿದವರು ಮೂರು ವರ್ಷದಲ್ಲಿ ದಿವಾಳಿ ಎಬ್ಬಿಸಿದರು. 2012ರಲ್ಲಿ ಅಧಿಕೃತವಾಗಿಯೇ ದಿವಾಳಿ. ರಾಜ್ಯ ಕೊಟ್ಟ ನೆರವು ನಿಯಮಬಾಹಿರ ಎಂದು ಯುರೋಪಿಯನ್ ಆಯೋಗ ಹೇಳಿತು, ಟ್ರ್ಯಾಕು ಮಾರಾಟಕ್ಕೆ ಬಂತು.

ಸುತ್ತಲಿನವರು ಎದ್ದದ್ದು ಆಗ. 'ನೂರ್ಬುರ್ಗ್‌ರಿಂಗ್‌ಗೆ ಹೌದು' ಎಂಬ ಹೆಸರಿನ ಸಂಘ ಮಾರಾಟದ ವಿರುದ್ಧ ಕಾನೂನು ಹೋರಾಟಕ್ಕೆ ಇಳಿಯಿತು. 2013ರಲ್ಲಿ ರಾಜ್ಯದ ಶಾಸನಸಭೆ ಒಂದು ಕಾಯಿದೆ ಮಾಡಿತು: ಒಡೆಯ ಯಾರೇ ಆದರೂ ಟ್ರ್ಯಾಕು ಸಾರ್ವಜನಿಕರ ಬಳಕೆಗೆ ತೆರೆದಿರಬೇಕು. 2014ರಲ್ಲಿ 7 ಕೋಟಿ 70 ಲಕ್ಷ ಯೂರೋಗೆ ಕಾಪ್ರಿಕಾರ್ನ್ ಎಂಬ ಕಂಪನಿಗೆ ಮಾರಾಟವಾಯಿತು. ಅದು ಕಂತು ಕಟ್ಟಲಾಗದೆ ತಡವರಿಸಿದಾಗ ರಷ್ಯಾದ ಔಷಧ ಉದ್ಯಮಿ ವಿಕ್ಟರ್ ಖರಿಟೋನಿನ್ ಕೈಗೆ ಹೆಚ್ಚಿನ ಪಾಲು ಹೋಯಿತು. ಸಂಘದವರು ಬಿಡಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಯುರೋಪಿನ ಅತ್ಯುಚ್ಚ ನ್ಯಾಯಾಲಯ ಅವರ ವಾದಕ್ಕೆ ಕಿವಿಗೊಟ್ಟು, ಮಾರಾಟದ ವಿಷಯವನ್ನು ಆಯೋಗ ಸರಿಯಾಗಿ ಪರಿಶೀಲಿಸಲಿಲ್ಲ ಎಂದು ಅದರ ತೀರ್ಮಾನವನ್ನು ರದ್ದು ಮಾಡಿತು. ಆ ಹೊತ್ತಿಗೆ ಹೊಸ ಒಡೆಯರು ಏಳು ವರ್ಷ ಟ್ರ್ಯಾಕು ನಡೆಸಿಯಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಖಾಸಗಿ ಒಡೆತನ ಬಂದ ಮೇಲೆ ರಸ್ತೆ ಹಾಳಾಗಿಲ್ಲ. 2015ರ ಮಾರ್ಚಿನಲ್ಲಿ 'ವಿಮಾನ ನಿಲ್ದಾಣ'ದ ಬಳಿ ರೇಸ್ ಕಾರೊಂದು ಗಾಳಿಗೆದ್ದು ಬೇಲಿ ದಾಟಿ ಪ್ರೇಕ್ಷಕನೊಬ್ಬ ಸತ್ತಾಗ, ಉಬ್ಬುಗಳನ್ನು ಮಟ್ಟಮಾಡಿ ಬೇಲಿಗಳನ್ನು ಹೆಚ್ಚಿಸಿದರು. ಗೇಟು ಈಗಲೂ ತೆರೆಯುತ್ತದೆ. ಟೋಲ್ ಮಾತ್ರ ಏರುತ್ತಲೇ ಬಂದಿದೆ. ನಾನು ಹೋಗಿದ್ದಾಗ ಒಂದು ಸುತ್ತಿಗೆ 30 ಯೂರೋ ಇತ್ತು.

2025ರ ಋತುವಿನಿಂದ ಟೋಲ್ ಹೊತ್ತಿನಲ್ಲಿ ಮೋಟಾರ್ ಸೈಕಲ್‌ಗಳಿಗೆ ಪ್ರವೇಶವಿಲ್ಲ. ಕಾರುಗಳ ನಡುವೆ ಬೈಕಿನವರ ಜೀವಕ್ಕೆ ಅಪಾಯ ಎಂಬುದು ಕೊಟ್ಟ ಕಾರಣ. ಸುಳ್ಳೇನಲ್ಲ, ಜಾರಿದ ಬೈಕಿನವನ ಹಿಂದೆಯೇ ಇನ್ನೂರರ ವೇಗದಲ್ಲಿ ಕಾರು ಬರುವ ಜಾಗ ಅದು. ಬೈಕಿನವರಿಗೆ ಬೇರೆಯೇ ತರಬೇತಿ ದಿನಗಳಿವೆ, ಮೊದಲೇ ಹೆಸರು ಬರೆಸಿ, ದಿನದ ಶುಲ್ಕ ಕಟ್ಟಿ ಬರಬಹುದು. ಅಂದರೆ ಅವರ ಪಾಲಿಗೆ ಈಗ ಉಳಿದಿರುವುದು ಟ್ರ್ಯಾಕ್ ಡೇ ಮಾತ್ರ. 1927ರ ಆ ಶನಿವಾರ ಈ ರಸ್ತೆಯ ಮೇಲೆ ಮೊದಲು ರೇಸಿಗೆ ಇಳಿದವರು ಅವರೇ, ಕಾರುಗಳು ಬಂದದ್ದು ಮಾರನೆಯ ದಿನ.